ನೆಲದಡಿಯ ಆಶ್ರಯಕ್ಕೆ ಅಂತರ್ಜಲದ ಮುತ್ತಿಗೆ

ಎರಡನೆಯ ಮಹಾಯುದ್ಧ ಆರಂಭವಾಗುವುದಕ್ಕೆ ಕೆಲವು ತಿಂಗಳ ಮೊದಲು, 1939ರ ಫೆಬ್ರವರಿಯಿಂದ, ಬ್ರಿಟನ್ ಸರ್ಕಾರ ವಾಯುದಾಳಿಯ ಭೀತಿಯಿದ್ದ ನಗರಗಳ ಮನೆಗಳಿಗೆ ‘ಆಂಡರ್ಸನ್ ಆಶ್ರಯ’ ಎಂಬ ಪುಟ್ಟ ಅಡಗುದಾಣಗಳನ್ನು ಹಂಚತೊಡಗಿತು. ಹಿತ್ತಲಿನಲ್ಲಿ ಸುಮಾರು 4 ಅಡಿ ಆಳದ ಗುಂಡಿ ತೋಡಿ, ಸತು ಲೇಪಿಸಿದ ಅಲೆಯಾಕಾರದ ಉಕ್ಕಿನ ತಗಡುಗಳನ್ನು ಅದರಲ್ಲಿ ಕಮಾನಿನಂತೆ ನಿಲ್ಲಿಸಿ ಬೋಲ್ಟು ಬಿಗಿದು, ಮೇಲೆ ಕನಿಷ್ಠ 15 ಅಂಗುಲ ಮಣ್ಣು ಮುಚ್ಚಿದರೆ ಆಶ್ರಯ ಸಿದ್ಧವಾಗುತ್ತಿತ್ತು. ತಗಡು ಬಾಗಬಲ್ಲದು, ಮಣ್ಣು ಆಘಾತವನ್ನು ಹೀರಬಲ್ಲದು ಎಂಬ ಕಾರಣಕ್ಕೆ ಹತ್ತಿರದಲ್ಲಿ ಸಿಡಿದ ಬಾಂಬಿನ ಹೊಡೆತವನ್ನೂ ಅದು ಬಹುಮಟ್ಟಿಗೆ ತಾಳಿಕೊಂಡಿತು. ಅದನ್ನು ಸೋಲಿಸಿದ್ದು ನೀರು. 1940ರ ಸೆಪ್ಟೆಂಬರಿನಿಂದ ರಾತ್ರಿಯ ದಾಳಿಗಳು ಮೊದಲಾಗಿ, ಜನ ಅಲ್ಲಿಯೇ ಮಲಗಬೇಕಾಗಿ ಬಂದಾಗ ನೆಲದಲ್ಲಿ ನೀರು ನಿಲ್ಲುವುದು ದೊಡ್ಡ ದೂರಾಯಿತು. ಬಕೆಟ್ಟುಗಳಲ್ಲಿ ನೀರು ಎತ್ತಿಹಾಕುವುದು ಹಲವು ಕುಟುಂಬಗಳಿಗೆ ನಿತ್ಯದ ಕೆಲಸವಾಯಿತು. ಅನೇಕ ಕಡೆ ಸ್ಥಳೀಯ ಆಡಳಿತಗಳು ಆಶ್ರಯದ ತಳಕ್ಕೆ ಕಾಂಕ್ರೀಟು ಹಾಕಿಸಬೇಕಾಯಿತು.

ಲಂಡನ್ ನಗರದ ಬಹುಭಾಗದ ಕೆಳಗಿರುವುದು ನೀರನ್ನು ಬೇಗ ಇಂಗಿಸದ ಜೇಡಿಮಣ್ಣು. ಅಂಥ ನೆಲದಲ್ಲಿ ತೋಡಿದ ಗುಂಡಿಯ ಅಂಚಿಗೆ ಮರಳಿ ತುಂಬಿದ ಮಣ್ಣು ಸುತ್ತಲಿನ ನೆಲಕ್ಕಿಂತ ಸಡಿಲವಾಗಿರುವುದರಿಂದ, ಮಳೆನೀರು ಅದರೊಳಗೆ ಸುಲಭವಾಗಿ ಇಳಿದು, ಹೊರಹೋಗಲು ದಾರಿಯಿಲ್ಲದೆ ಅಲ್ಲಿಯೇ ತಂಗುತ್ತದೆ. ಹೀಗಾಗಿ ನಿಜವಾದ ಅಂತರ್ಜಲಮಟ್ಟ, ಅಂದರೆ ನೆಲದ ರಂಧ್ರಗಳೆಲ್ಲ ನೀರಿನಿಂದ ತುಂಬಿರುವ ಭಾಗದ ಮೇಲ್ಮೈ, ಬಹಳ ಕೆಳಗಿದ್ದರೂ ಆಶ್ರಯವು ಜಲಾವೃತವಾಗಬಲ್ಲದು. ಬೇಸಿಗೆಯಲ್ಲಿ ಗುಂಡಿ ತೋಡಿ, ಒಣಗಿದ ತಳವನ್ನು ಕಂಡು ನಿಶ್ಚಿಂತರಾಗುವುದು ಈ ಕಾರಣದಿಂದಲೇ ಅಪಾಯಕರ.

ನೀರು ನಿಂತಿತೆಂದರೆ ಅದು ಒತ್ತುತ್ತದೆ. ನೀರಿನ ಮಟ್ಟದಿಂದ ಕೆಳಗಿಳಿದ ಪ್ರತಿ ಮೀಟರಿಗೆ ಒಂದು ಚದರ ಮೀಟರ್ ಗೋಡೆಯ ಮೇಲೆ ಸುಮಾರು 1 ಟನ್ ಭಾರದಷ್ಟು ಒತ್ತಡ ಸೇರುತ್ತ ಹೋಗುತ್ತದೆ, ಮತ್ತು ಈ ಒತ್ತಡ ಗೋಡೆಯನ್ನಷ್ಟೇ ಅಲ್ಲದೆ ತಳವನ್ನೂ ಮೇಲಕ್ಕೆ ತಳ್ಳುತ್ತದೆ. ಹೊರ ಅಳತೆಯಲ್ಲಿ 4 ಮೀಟರ್ ಉದ್ದ, 3 ಮೀಟರ್ ಅಗಲ, 2.5 ಮೀಟರ್ ಎತ್ತರವಿರುವ, ಎಲ್ಲ ಬದಿಯೂ 20 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಕೋಣೆಯೊಂದನ್ನು ಗಣಿಸಿದರೆ, ಅದರ ತೂಕ 25 ಟನ್ನಿಗಿಂತ ತುಸು ಕಡಿಮೆ. ಚಾವಣಿಯವರೆಗೆ ನೀರು ಏರಿದಾಗ ಅದು ಪಕ್ಕಕ್ಕೆ ಸರಿಸುವ ನೀರಿನ ತೂಕವಾದರೋ 30 ಟನ್. ಆರ್ಕಿಮಿಡೀಸನ ತತ್ತ್ವದಂತೆ ಇಂಥ ಕೋಣೆ, ಮೇಲೆ ಸಾಕಷ್ಟು ಮಣ್ಣಿನ ಹೇರು ಇಲ್ಲದಿದ್ದರೆ, ತೇಲಲು ತೊಡಗುತ್ತದೆ. ತಳದ ಹಲಗೆಯನ್ನು ಗೋಡೆಗಳಿಂದಾಚೆಗೆ ಚಾಚಿ, ಆ ಚಾಚಿನ ಮೇಲೆ ಮಣ್ಣು ಕೂರುವಂತೆ ಮಾಡುವ ಪದ್ಧತಿಯಿರುವುದು ಇದಕ್ಕಾಗಿಯೇ. ಜಲನಿರೋಧಕದ ಡಬ್ಬ ಕೊಳ್ಳುವ ಮೊದಲು ಮಾಡಬೇಕಾದ ಈ ಲೆಕ್ಕವನ್ನೇ ಹಲವರು ಮರೆಯುತ್ತಾರೆ.

ಲೇಪನವನ್ನು ಯಾವ ಬದಿಗೆ ಹಚ್ಚಬೇಕು ಎಂಬುದನ್ನು ನಿರ್ಧರಿಸುವುದೂ ಒತ್ತಡದ ದಿಕ್ಕೇ. ಕರ್ನಾಟಕದ ಮನೆಗಳಲ್ಲಿ ನೀರು ತುಂಬಿಡುವ ಸಂಪಿಗೆ ಒಳಗಿನಿಂದ ಮಾಡಿದ ಜಲನಿರೋಧಕ ಗಾರೆ ಚೆನ್ನಾಗಿ ನಿಲ್ಲುತ್ತದೆ, ಏಕೆಂದರೆ ಒಳಗಿನ ನೀರು ಗಾರೆಯನ್ನು ಗೋಡೆಗೇ ಒತ್ತಿ ಹಿಡಿಯುತ್ತದೆ. ನೆಲಮಾಳಿಗೆಯಲ್ಲಾದರೆ ನೀರಿರುವುದು ಹೊರಗೆ. ಅದು ಗೋಡೆಯೊಳಗೆ ಹಾದುಬಂದು ಗಾರೆಯ ಬೆನ್ನಿಗೆ ಒತ್ತುವುದರಿಂದ ಮೊದಲು ಬಣ್ಣ ಗುಳ್ಳೆ ಏಳುತ್ತದೆ, ನೀರಿನಲ್ಲಿ ಕರಗಿಬಂದ ಲವಣಗಳು ಬಿಳಿಯ ಹುಡಿಯಾಗಿ ಕಾಣಿಸುತ್ತವೆ, ಕಡೆಗೆ ಗಾರೆಯೇ ಹಪ್ಪಳಿಕೆಯಾಗಿ ಕಳಚುತ್ತದೆ. ಆದ್ದರಿಂದ ಮಣ್ಣು ತುಂಬುವ ಮೊದಲೇ ಹೊರಮೈಗೆ ಪೊರೆ ಹೊದಿಸುವುದು ಉತ್ತಮ. ಈ ಅವಕಾಶ ಒಮ್ಮೆ ತಪ್ಪಿದರೆ ಮತ್ತೆ ಪಡೆಯಲು ಇಡೀ ಗೋಡೆಯನ್ನು ಅಗೆದು ತೆರೆಯಬೇಕಾಗುತ್ತದೆ.

ಕಾಂಕ್ರೀಟು ತನ್ನಷ್ಟಕ್ಕೆ ಕೆಟ್ಟ ತಡೆಗೋಡೆಯೇನಲ್ಲ. ಸಿಮೆಂಟಿನೊಡನೆ ರಾಸಾಯನಿಕವಾಗಿ ಕೂಡಿಕೊಳ್ಳುವುದಕ್ಕಿಂತ ಹೆಚ್ಚಾಗಿ ಬೆರೆಸಿದ ನೀರು ಆರಿಹೋಗುವಾಗ ಸೂಕ್ಷ್ಮ ನಾಳಗಳನ್ನು ಉಳಿಸುತ್ತದೆ. ಕಲಸಲು ಸುಲಭವೆಂದು ಸುರಿದ ಹೆಚ್ಚುವರಿ ನೀರೇ ಮುಂದೆ ಸೋರಿಕೆಗೆ ದಾರಿಯಾಗುತ್ತದೆಂಬುದು ಮೇಸ್ತ್ರಿಗಳಿಗೆ ಮತ್ತೆ ಮತ್ತೆ ಹೇಳಬೇಕಾದ ಸಂಗತಿ. ಆದರೂ ಹೆಚ್ಚಿನ ಸೋರಿಕೆ ಕಾಣಿಸುವುದು ಗೋಡೆಯ ನಡುವೆ ಅಲ್ಲ, ಮೊದಲು ಹಾಕಿ ಗಟ್ಟಿಯಾದ ತಳವೂ ಆಮೇಲೆ ಎಬ್ಬಿಸಿದ ಗೋಡೆಯೂ ಸೇರುವ ಸಂದಿನಲ್ಲಿ ಮತ್ತು ಕೊಳವೆಗಳು ಗೋಡೆಯನ್ನು ಹಾಯುವ ತೂತುಗಳಲ್ಲಿ. ಆ ಸಂದಿನಲ್ಲಿ ಪಿವಿಸಿ ಪಟ್ಟಿಯನ್ನಾಗಲಿ, ನೀರು ತಾಗಿದೊಡನೆ ಹಲವು ಪಟ್ಟು ಉಬ್ಬುವ ಬೆಂಟೊನೈಟ್ ಎಂಬ ಜೇಡಿಯ ಪಟ್ಟಿಯನ್ನಾಗಲಿ ಹುದುಗಿಸುತ್ತಾರೆ. ಬೆಂಟೊನೈಟು ಬಿಗಿಯಾಗಿ ಸೆರೆಯಾಗಿದ್ದರೆ ಮಾತ್ರ ಉಬ್ಬಿ ಸಂದನ್ನು ಮುಚ್ಚುತ್ತದೆ. ಕಾಂಕ್ರೀಟು ಸುರಿಯುವ ಮೊದಲೇ ಮಳೆಗೆ ನೆನೆದರೆ ಅದರ ಶಕ್ತಿ ಅಲ್ಲಿಗೇ ಮುಗಿಯಿತು.

ಇಷ್ಟೆಲ್ಲ ಮಾಡಿದರೂ ನೀರಿಗೆ ಬೇರೊಂದು ದಾರಿ ತೋರಿಸದಿದ್ದರೆ ಅದು ವರ್ಷಗಟ್ಟಲೆ ಕಾದು ಅತಿ ಸಣ್ಣ ಬಿರುಕನ್ನೂ ಹುಡುಕಿಕೊಳ್ಳುತ್ತದೆ. ಅದಕ್ಕಾಗಿ ಗೋಡೆಯ ಬುಡದ ಸುತ್ತ, ತಳಕ್ಕಿಂತ ಕೆಳಮಟ್ಟದಲ್ಲಿ, ರಂಧ್ರವಿರುವ ಕೊಳವೆಯನ್ನಿಟ್ಟು, ಜಲ್ಲಿ ತುಂಬಿ, ಹೂಳು ಸೇರದಂತೆ ಸೋಸುಬಟ್ಟೆ ಸುತ್ತಿ, ನೀರನ್ನು ಇಳಿಜಾರಿನತ್ತ ಹರಿಯಬಿಡುವುದು ಅತ್ಯಂತ ನಂಬಿಕೆಯ ಉಪಾಯ. ಇಳಿಜಾರಿಲ್ಲದ ಕಡೆ ನೀರನ್ನು ಗುಂಡಿಯೊಂದಕ್ಕೆ ಕೂಡಿಸಿ ಪಂಪಿನಿಂದ ಎತ್ತಬೇಕಾಗುತ್ತದೆ. ಆದರೆ ಬಿರುಮಳೆ ಬರುವ ರಾತ್ರಿಯಲ್ಲೇ ವಿದ್ಯುತ್ತೂ ಹೋಗುವುದರಿಂದ ಬ್ಯಾಟರಿಯ ಎರಡನೆಯ ಪಂಪು ಇಲ್ಲಿ ಅನಿವಾರ್ಯ.

ಒಳಗೋಡೆಯಲ್ಲಿ ಕಾಣುವ ತೇವವೆಲ್ಲ ಅಂತರ್ಜಲವೇ ಆಗಿರಬೇಕೆಂದಿಲ್ಲ. ಉಸಿರಿನ ಆವಿ ತಣ್ಣನೆಯ ಗೋಡೆಗೆ ತಾಗಿ ಹನಿಗಟ್ಟುವುದೂ ಉಂಟು. ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಟ್ಟರೆ, ಹನಿಗಳು ಹಾಳೆಯ ಹೊರಮೈಯಲ್ಲಿ ಕಂಡಾಗ ಬೇಕಾದದ್ದು ಗಾಳಿಯಾಟ, ಹಾಳೆಗೂ ಗೋಡೆಗೂ ನಡುವೆ ಕಂಡಾಗ ಹೊರಗಿನ ಕೊಳವೆಯ ತಪಾಸಣೆ.