ಹಳೆಯ ಗಾಳಿ ಕಂಪ್ರೆಸರಿನ ಸೋರುವ ವಾಲ್ವು: ಪತ್ತೆ ಮತ್ತು ದುರಸ್ತಿ

ಟ್ರ್ಯಾಕ್ಟರ್, ಪವರ್ ಟಿಲ್ಲರ್ ಹಾಗೂ ಟೈರ್ ಗಾಡಿಯ ಚಕ್ರಗಳಿಗೆ ಗಾಳಿ ತುಂಬಲು, ಒಕ್ಕಣೆಯ ನಂತರ ರೇಡಿಯೇಟರಿಗೆ ಮೆತ್ತಿಕೊಂಡ ಹೊಟ್ಟನ್ನು ಊದಿ ತೆಗೆಯಲು ಚಿಕ್ಕ ಗಾಳಿ ಕಂಪ್ರೆಸರ್ ಬಹು ಉಪಯುಕ್ತ. ಹೊಸದರ ಬೆಲೆ ಹೆಚ್ಚೆಂದು ಅನೇಕ ರೈತರು ಒಂದು ಅಥವಾ ಎರಡು ಅಶ್ವಶಕ್ತಿಯ ಹಳೆಯ ಯಂತ್ರವನ್ನು ಕೊಳ್ಳುತ್ತಾರೆ. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷವೆಂದರೆ ವಾಲ್ವಿನ ಸೋರಿಕೆ. ಸ್ವಲ್ಪ ಗಾಳಿ ಹೋದರೆ ನಷ್ಟವೇನು ಎಂದು ಇದನ್ನು ಅಲಕ್ಷಿಸಿದರೆ ಕೊನೆಗೆ ಮೋಟಾರೇ ಸುಟ್ಟುಹೋಗಬಹುದು.

ಗಾಳಿಯ ದಾರಿ

ಪಿಸ್ಟನ್ ಕೆಳಗಿಳಿದಾಗ ಫಿಲ್ಟರಿನ ಮೂಲಕ ಗಾಳಿ ಸಿಲಿಂಡರಿಗೆ ಬರುತ್ತದೆ. ಮೇಲೇರಿದಾಗ ಒತ್ತಲ್ಪಟ್ಟು ಕೊಳವೆಯ ಮೂಲಕ ಟ್ಯಾಂಕಿಗೆ ಹೋಗುತ್ತದೆ. ಈ ಒಳಬರುವ ಮತ್ತು ಹೊರಹೋಗುವ ದಾರಿಗಳಿಗೆ ಸಿಲಿಂಡರ್ ಹೆಡ್ಡಿನಲ್ಲಿ ತೆಳು ಉಕ್ಕಿನ ಪಟ್ಟಿಯ ವಾಲ್ವುಗಳಿವೆ. ಕೊಳವೆ ಟ್ಯಾಂಕನ್ನು ಸೇರುವ ಸ್ಥಳದಲ್ಲಿ ಹಿತ್ತಾಳೆಯ ಚೆಕ್ ವಾಲ್ವು ಇರುತ್ತದೆ. ಟ್ಯಾಂಕಿನ ಗಾಳಿ ಹಿಂದಕ್ಕೆ ಬಾರದಂತೆ ತಡೆಯುವುದು ಇದರ ಕೆಲಸ. ಒತ್ತಡ ನಿಗದಿತ ಮಟ್ಟಕ್ಕೆ ಏರಿದಾಗ ಪ್ರೆಶರ್ ಸ್ವಿಚ್ ಮೋಟಾರನ್ನು ನಿಲ್ಲಿಸಿ, ಕೊಳವೆಯಲ್ಲಿ ಉಳಿದ ಗಾಳಿಯನ್ನು ತನ್ನ ಪಕ್ಕದ ಪುಟ್ಟ ಅನ್‌ಲೋಡರ್ ವಾಲ್ವಿನಿಂದ ಹೊರಬಿಡುತ್ತದೆ. ಇದರಿಂದ ಮುಂದಿನ ಸಲ ಮೋಟಾರು ಹಗುರವಾಗಿ ತಿರುಗಲು ಆರಂಭಿಸುತ್ತದೆ.

ಚೆಕ್ ವಾಲ್ವು ಸೋರಿದರೆ ಕೊಳವೆಯಲ್ಲಿ ಒತ್ತಡ ಉಳಿದು, ಮೋಟಾರು ಆ ಭಾರದ ವಿರುದ್ಧವೇ ಹೊರಡಬೇಕಾಗುತ್ತದೆ. ಹಳ್ಳಿಗಳಲ್ಲಿ ವೋಲ್ಟೇಜ್ ಇಳಿಯುವುದು ಹೊಸದಲ್ಲ. ವೋಲ್ಟೇಜ್ ಶೇಕಡ 20ರಷ್ಟು ಇಳಿದರೆ ಮೋಟಾರು ಹೊರಡುವಾಗಿನ ತಿರುಗಿಸುವ ಬಲ ಸುಮಾರು ಶೇಕಡ 36ರಷ್ಟು ಕುಗ್ಗುತ್ತದೆ. ಆಗ ಅದು ತಿರುಗಲಾರದೆ ಗುಂಯ್‌ಗುಡುತ್ತಾ ನಿಂತು, ವೈಂಡಿಂಗ್ ಸುಡುತ್ತದೆ. ಚಿಕ್ಕ ಬಿಲ್ಲೆಯೊಂದರ ದೋಷಕ್ಕೆ ರೀವೈಂಡಿಂಗಿನ ಖರ್ಚು ತೆರಬೇಕಾಗುತ್ತದೆ.

ಸೋರಿಕೆ ಎಲ್ಲಿದೆ?

ಬಿಡಿಭಾಗ ಕೊಳ್ಳುವ ಮೊದಲು ಸೋರುವ ಸ್ಥಳವನ್ನು ಖಚಿತಪಡಿಸಿಕೊಳ್ಳಬೇಕು. ಟ್ಯಾಂಕು ತುಂಬಿ ಮೋಟಾರು ನಿಂತ ಮೇಲೆ ಎಲ್ಲ ಜೋಡಣೆಗಳಿಗೂ ಸಾಬೂನಿನ ನೀರನ್ನು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಬೇಕು. ಅನಂತರ ಈ ಲಕ್ಷಣಗಳನ್ನು ಗಮನಿಸಬೇಕು:

1. ಮೋಟಾರು ನಿಂತೊಡನೆ ಅನ್‌ಲೋಡರಿನಿಂದ ಕೆಲವು ಸೆಕೆಂಡು 'ಸುಸ್' ಎಂಬ ಶಬ್ದ ಬರುವುದು ಸಹಜ. ಅದು ನಿಲ್ಲದೆ ಮುಂದುವರಿದು ಟ್ಯಾಂಕಿನ ಒತ್ತಡ ಇಳಿಯುತ್ತಿದ್ದರೆ ದೋಷ ಚೆಕ್ ವಾಲ್ವಿನದು. ಶಬ್ದ ಬರುವುದು ಸ್ವಿಚ್ಚಿನ ಬಳಿಯಾದ್ದರಿಂದ ಅನೇಕರು ಸ್ವಿಚ್ಚನ್ನೇ ಬದಲಾಯಿಸಿ ಹಣ ಕಳೆದುಕೊಳ್ಳುತ್ತಾರೆ.

2. ಮೋಟಾರು ಓಡುತ್ತಿರುವಾಗಲೇ ಅಲ್ಲಿಂದ ಗಾಳಿ ಹೋಗುತ್ತಿದ್ದರೆ ಅನ್‌ಲೋಡರ್ ವಾಲ್ವು ಮುಚ್ಚಿಕೊಳ್ಳುತ್ತಿಲ್ಲವೆಂದು ತಿಳಿಯಬೇಕು.

3. ಓಡುವಾಗ ಫಿಲ್ಟರಿನಿಂದ ಗಾಳಿ ಹಿಂದಕ್ಕೆ ಊದಿದರೆ ಹೆಡ್ಡಿನ ಒಳದಾರಿಯ ವಾಲ್ವು ಕೆಟ್ಟಿದೆ.

4. ಹೊರಗೆ ಸೋರಿಕೆಯಿಲ್ಲದೆ ಒತ್ತಡ ನಿಧಾನವಾಗಿ ಏರಿ ಹೆಡ್ಡು ಅತಿಯಾಗಿ ಕಾದರೆ ಹೊರದಾರಿಯ ವಾಲ್ವನ್ನೂ ಪಿಸ್ಟನ್ ರಿಂಗುಗಳನ್ನೂ ಪರೀಕ್ಷಿಸಬೇಕು.

ಚೆಕ್ ವಾಲ್ವಿನ ದುರಸ್ತಿ

ಮೊದಲು ವಿದ್ಯುತ್ ಸಂಪರ್ಕವನ್ನು ತೆಗೆದು, ಯಂತ್ರ ಆರಿದ ಮೇಲೆ ಟ್ಯಾಂಕಿನ ಗಾಳಿಯನ್ನೆಲ್ಲಾ ಹೊರಬಿಡಬೇಕು. ಮೀಟರಿನ ಮುಳ್ಳು ಸೊನ್ನೆಗೆ ಬಂದರೂ ಅದನ್ನೇ ನಂಬದೆ, ತಳದ ನಲ್ಲಿಯನ್ನು ತೆರೆದಿಟ್ಟೇ ಕೆಲಸ ಆರಂಭಿಸುವುದು ಕ್ಷೇಮ. ಒತ್ತಡವಿರುವಾಗ ಬಿಚ್ಚಿದ ವಾಲ್ವು ಗುಂಡಿನಂತೆ ಸಿಡಿಯುತ್ತದೆ.

ಬಹಳಷ್ಟು ಮಾದರಿಗಳಲ್ಲಿ ವಾಲ್ವಿನ ತಲೆಯ ದೊಡ್ಡ ನಟ್ಟನ್ನು ಬಿಚ್ಚಿದರೆ ಸ್ಪ್ರಿಂಗು ಮತ್ತು ಬಿಲ್ಲೆ ಕೈಗೆ ಬರುತ್ತವೆ. ಇಡೀ ವಾಲ್ವನ್ನು ಟ್ಯಾಂಕಿನಿಂದ ಕಳಚಬೇಕಾಗಿಲ್ಲ. ಬಿಲ್ಲೆ ಕೂರುವ ಸೀಟಿನ ಮೇಲೆ ತುಕ್ಕಿನ ಪುಡಿ ಅಥವಾ ಎಣ್ಣೆಯ ಕರಿ ಕಟ್ಟಿದ್ದರೆ ಅದೇ ಸೋರಿಕೆಗೆ ಕಾರಣವಾಗಿರಬಹುದು. ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಚೆನ್ನಾಗಿ ಒಣಗಿಸಬೇಕು. ಪೆಟ್ರೋಲ್ ಕೂಡದು, ಒಳಗೆ ಉಳಿದ ಅದರ ಆವಿ ಬಿಸಿಯಾದ ಒತ್ತಡದ ಗಾಳಿಯಲ್ಲಿ ಹೊತ್ತಿಕೊಳ್ಳುವ ಅಪಾಯವಿದೆ. ಸೀಟನ್ನು ಚೂಪಾದ ಉಪಕರಣದಿಂದ ಕೆರೆಯಲೂಬಾರದು.

ಬಿಲ್ಲೆ ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ ಅಥವಾ ಅದರಲ್ಲಿ ಆಳವಾದ ಗೆರೆ ಬಿದ್ದಿದ್ದರೆ ಅದೇ ಅಳತೆಯ ಹೊಸದನ್ನು ಹಾಕಬೇಕು. ಸೈಕಲ್ ಟ್ಯೂಬನ್ನು ಕತ್ತರಿಸಿ ಹಾಕುವುದು ವ್ಯರ್ಥ ಶ್ರಮ. ಸಿಲಿಂಡರಿನಿಂದ ಬರುವ ಗಾಳಿ ಬಹಳ ಬಿಸಿಯಾಗಿರುವುದರಿಂದ ಆ ರಬ್ಬರು ಬೇಗ ಕೆಡುತ್ತದೆ. ಸೀಟೇ ಸವೆದಿದ್ದರೆ ಇಡೀ ವಾಲ್ವನ್ನು ಬದಲಾಯಿಸಬೇಕು. ಆಗ ಟ್ಯಾಂಕಿಗೆ ಕೂರುವ ಮರೆಗೆ ಟೆಫ್ಲಾನ್ ಟೇಪನ್ನು ಬಿಗಿಯುವ ದಿಕ್ಕಿನಲ್ಲಿ ಎರಡು-ಮೂರು ಸುತ್ತು ಸುತ್ತಬೇಕು. ತುದಿಯ ಮೊದಲ ಸುತ್ತಿನ ಮರೆಯನ್ನು ಬಿಟ್ಟರೆ ಟೇಪಿನ ಚೂರು ಒಳಗೆ ಬಿದ್ದು ವಾಲ್ವನ್ನು ಕೆಡಿಸುವುದಿಲ್ಲ.

ಹೆಡ್ಡಿನ ವಾಲ್ವುಗಳ ದೋಷವಾದರೆ ಹೆಡ್ಡನ್ನು ಬಿಚ್ಚಿ, ಪಟ್ಟಿಗಳ ಕರಿಯನ್ನು ಒರೆಸಿ, ಮುರಿದ ಅಥವಾ ಬಾಗಿದ ಪಟ್ಟಿಯನ್ನು ಬದಲಾಯಿಸಿ, ಹೊಸ ಗ್ಯಾಸ್ಕೆಟ್ ಹಾಕಬೇಕು. ಬೋಲ್ಟುಗಳನ್ನು ಎದುರು-ಬದುರಾಗಿ, ಹಂತ ಹಂತವಾಗಿ ಬಿಗಿಯಬೇಕು.

ಸೇಫ್ಟಿ ವಾಲ್ವು ಮತ್ತು ಟ್ಯಾಂಕು

ಒತ್ತಡ ಮಿತಿ ಮೀರಿದಾಗ ತಾನೇ ತೆರೆದುಕೊಳ್ಳುವ ಸೇಫ್ಟಿ ವಾಲ್ವು ಸೋರಿದರೆ ಅದರ ಉಂಗುರವನ್ನು ಎರಡು-ಮೂರು ಸಲ ಎಳೆದು ಬಿಟ್ಟು ನೋಡಬಹುದು. ಸೀಟಿನ ಕಸ ಹಾರಿ ಸೋರಿಕೆ ನಿಲ್ಲದಿದ್ದರೆ ಅದೇ ಒತ್ತಡಕ್ಕೆ ನಿಗದಿಯಾದ ಹೊಸದನ್ನು ಹಾಕಬೇಕು. ಅದರ ಜಾಗಕ್ಕೆ ಬೋಲ್ಟು ಬಿಗಿಯುವುದಾಗಲಿ, ಸ್ಪ್ರಿಂಗನ್ನು ಇನ್ನಷ್ಟು ಬಿಗಿ ಮಾಡುವುದಾಗಲಿ ಪ್ರಾಣಕ್ಕೆ ಎರವಾದೀತು. 100 ಲೀಟರಿನ ಟ್ಯಾಂಕಿನಲ್ಲಿ ಚದರ ಸೆಂಟಿಮೀಟರಿಗೆ 8 ಕಿಲೋಗ್ರಾಂ ಒತ್ತಡವಿದ್ದರೆ, ಹೊರಗೆ ಸುಮಾರು 800 ಲೀಟರು ಜಾಗ ಹಿಡಿಯುವ ಗಾಳಿ ಸಿಡಿದು ಬರಲು ಕಾದಿರುತ್ತದೆ.

ಹಳೆಯ ಟ್ಯಾಂಕಿನ ತಳ, ನಿಂತ ನೀರಿನಿಂದ ಒಳಗಿನಿಂದಲೇ ತುಕ್ಕು ತಿಂದು ತೆಳುವಾಗಿರುತ್ತದೆ. ಹೊರಗಿನ ಬಣ್ಣ ನೋಡಿ ಮೋಸಹೋಗಬಾರದು. ಕೊಳ್ಳುವ ಮೊದಲು ತಿಳಿದವರಿಂದ ಟ್ಯಾಂಕಿಗೆ ಪೂರ್ತಿ ನೀರು ತುಂಬಿಸಿ ಒತ್ತಡ ಪರೀಕ್ಷೆ ಮಾಡಿಸುವುದು ಒಳ್ಳೆಯದು. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಟ್ಯಾಂಕು ಒಡೆದರೂ ಅಷ್ಟಾಗಿ ಸಿಡಿಯುವುದಿಲ್ಲ. ತಳದಲ್ಲಿ ತೂತು ಬಿದ್ದ ಟ್ಯಾಂಕಿಗೆ ವೆಲ್ಡಿಂಗ್ ತೇಪೆ ಹಾಕಿಸದೆ ಅದನ್ನು ಗುಜರಿಗೆ ಹಾಕಬೇಕು.

ದುರಸ್ತಿಯ ನಂತರ ಟ್ಯಾಂಕನ್ನು ಪೂರ್ತಿ ತುಂಬಿಸಿ, ಮೋಟಾರು ನಿಂತ ಮೇಲೆ ಅರ್ಧ ಗಂಟೆ ಮೀಟರನ್ನು ಗಮನಿಸಬೇಕು. ಬಿಸಿ ಗಾಳಿ ಆರುವಾಗ ಒತ್ತಡ ತುಸು ಇಳಿದು ನಿಲ್ಲುವುದು ಸಹಜ. ಇಳಿಯುತ್ತಲೇ ಇದ್ದರೆ ಸಾಬೂನಿನ ನೀರಿನಿಂದ ಮತ್ತೆ ಹುಡುಕಬೇಕು. ಪ್ರತಿದಿನ ಕೆಲಸ ಮುಗಿದ ಮೇಲೆ ತಳದ ನಲ್ಲಿಯನ್ನು ತೆರೆದು ನೀರನ್ನು ಹೊರಬಿಡುವ ರೂಢಿಯಿಟ್ಟುಕೊಂಡರೆ ತುಕ್ಕು ತಗ್ಗಿ, ಟ್ಯಾಂಕೂ ವಾಲ್ವೂ ಹೆಚ್ಚು ಕಾಲ ಬಾಳಿಕೆ ಬರುತ್ತವೆ.