ಸತ್ತ ಮಂಗ ಎಲ್ಲಿತ್ತು? ಉಣುಗು ಎಲ್ಲಿ ಕಚ್ಚಿತು?

ಚಳಿ ಇಳಿದು ಕಾಡಿನ ತರಗೆಲೆ ಒಣಗತೊಡಗಿದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಲ್ಲಿ ಸತ್ತ ಮಂಗದ ಸುದ್ದಿಗೆ ಎಲ್ಲಿಲ್ಲದ ತೂಕ ಬರುತ್ತದೆ. ತೋಟದಂಚಿನಲ್ಲಿ ಮುಸಿಯವೊಂದು ಸತ್ತು ಬಿದ್ದಿದ್ದರೆ ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ತಿಳಿಸಬೇಕು. ಪಶುವೈದ್ಯರು ಬಂದು ಶವಪರೀಕ್ಷೆ ಮಾಡಿ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಕಳೇಬರ ಸುಟ್ಟು, ಸುತ್ತಲಿನ ನೆಲಕ್ಕೆ ಉಣುಗು ಸಾಯುವ ಔಷಧಿ ಹೊಡೆಯಬೇಕು. ಊರಿನವರು, ಅರಣ್ಯ ಇಲಾಖೆ, ಪಶುಸಂಗೋಪನೆ, ಆರೋಗ್ಯ ಇಲಾಖೆ ಎಲ್ಲರೂ ಸೇರಿ ಕಟ್ಟುವ ಈ ಮಾಹಿತಿಯೇ ಮಂಗನ ಕಾಯಿಲೆಯ ಮೊದಲ ಮುನ್ನೆಚ್ಚರಿಕೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನ ಜನ ಜ್ವರದಿಂದ ಮಲಗಿದಾಗ ಮೊದಲು ಅನುಮಾನ ಹೋದದ್ದು ಹಳದಿ ಜ್ವರದ ಮೇಲೆ. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಇದು ಹೊಸ ವೈರಸ್ ಎಂದೂ ಉಣುಗಿನಿಂದ ಹರಡುತ್ತದೆಂದೂ ಕಂಡುಕೊಂಡರು. ಆಮೇಲೆ ರೋಗದ ನಕ್ಷೆ ಒಂದೇ ಥರ ಉಳಿಯಲಿಲ್ಲ. 1980ರ ದಶಕದಲ್ಲಿ ಬೆಳ್ತಂಗಡಿ, 2012ರಲ್ಲಿ ಬಂಡೀಪುರ, ನಂತರ ವಯನಾಡು, ಗೋವಾ, ಸಿಂಧುದುರ್ಗ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರು ಪ್ರಾಣ ಕಳೆದುಕೊಂಡರು.

ಮುಂದಿನ ವರ್ಷ ಕಾಯಿಲೆ ಎಲ್ಲಿ ಏಳಬಹುದೆಂದು ಮೊದಲೇ ಹೇಳಲಾದೀತೇ?

ಬ್ರಿಟನ್ನಿನ ಪರಿಸರ ವಿಜ್ಞಾನಿಗಳು, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಯಲಹಂಕದ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿ ಮೊದಲಾದ ಸಂಸ್ಥೆಗಳ ಸಂಶೋಧಕರು ಶಿವಮೊಗ್ಗ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರು ಕಂಪ್ಯೂಟರ್ ಮಾದರಿಯನ್ನು ತಾವೇ ಕೂತು ಸಿದ್ಧಪಡಿಸಲಿಲ್ಲ. ಆರೋಗ್ಯ, ಪಶು, ಅರಣ್ಯ ಇಲಾಖೆಗಳವರನ್ನು ಆರಂಭದಿಂದಲೇ ಜೊತೆಗೂಡಿಸಿಕೊಂಡರು. ಅದರಿಂದಾದ ದೊಡ್ಡ ಲಾಭಗಳಲ್ಲಿ ಒಂದು, ರೋಗಿಗೆ ಸೋಂಕು ತಗುಲಿದ ಜಾಗವನ್ನು ಗುರುತಿಸಲು ಸಾಧ್ಯವಾದದ್ದು.

ಜ್ವರ ಬಂದವರ ಮನೆ ವಿಳಾಸ ಸುಲಭವಾಗಿ ಸಿಗುತ್ತದೆ. ಆದರೆ ಉಣುಗು ಕಚ್ಚಿದ್ದು ಮನೆಯಂಗಳದಲ್ಲೇ ಆಗಬೇಕೆಂದಿಲ್ಲ. ಕೊಟ್ಟಿಗೆಗೆ ಹಾಸಲು ಸೊಪ್ಪಿನಬೆಟ್ಟದಲ್ಲಿ ದರಕು ಗುಡಿಸುವಾಗಲೋ, ಸೌದೆಗೆ ಹೋದಾಗಲೋ, ದನ ಹುಡುಕಿಕೊಂಡು ಕಾಡು ಹೊಕ್ಕಾಗಲೋ ಕಚ್ಚಿರಬಹುದು. ಮನೆಯ ಜಾಗವನ್ನೇ ನಕ್ಷೆಯಲ್ಲಿ ಗುರುತಿಸಿದರೆ ಕಂಪ್ಯೂಟರು ಕಾಡನ್ನು ಬಿಟ್ಟು ಊರನ್ನು ದೂರುತ್ತದೆ. ದಾಖಲೆಗೆ ‘ಎಲ್ಲಿ ಓಡಾಡಿದ್ದರು’ ಎಂಬ ಹೊಸ ಅಂಕಣ ಸೇರಿದರೆ ಹಳೆಯ ಲೆಕ್ಕಾಚಾರವೇ ಬದಲಾಗುತ್ತದೆ.

2020ರಲ್ಲಿ ಪ್ರಕಟವಾದ ಫಲಿತಾಂಶ ಮಲೆನಾಡಿನವರಿಗೆ ತಮ್ಮ ಊರಿನ ವರ್ಣನೆಯಂತೆಯೇ ಕಾಣುತ್ತದೆ. ನಿತ್ಯಹಸಿರು ಕಾಡು, ತೋಟ, ನೆಡುತೋಪುಗಳು ಒಂದರೊಳಗೊಂದು ಬೆರೆತಿರುವಲ್ಲಿ, ನಾಟಿ ದನಗಳು ಹೆಚ್ಚಿರುವಲ್ಲಿ ಅಪಾಯ ಜಾಸ್ತಿ. ಒಣ ಎಲೆಯುದುರುವ ಕಾಡು ಹೆಚ್ಚಿರುವಲ್ಲಿ ಕಡಿಮೆ. ದನಗಳಿಗೆ ಈ ಕಾಯಿಲೆ ಬಾರದಿದ್ದರೂ ಬೆಳೆದ ಉಣುಗುಗಳಿಗೆ ಅವುಗಳ ರಕ್ತವೇ ಆಹಾರ. ಹಿಂದಿನ ವರ್ಷಗಳ ದಾಖಲೆಯಿಂದ ಕಲಿತ ಈ ಮಾದರಿ, 2019ರಲ್ಲಿ ಕಾಯಿಲೆ ಹೊಸದಾಗಿ ಕಾಣಿಸಿಕೊಂಡ ಜಾಗಗಳನ್ನೂ ಗುರುತಿಸಬಲ್ಲದೆಂದು ಪರೀಕ್ಷೆಯಲ್ಲಿ ತಿಳಿಯಿತು.

ಹಾಗೆಂದು ಒಮ್ಮೆ ಬರೆದ ನಕ್ಷೆ ಸದಾಕಾಲಕ್ಕೆ ಸಾಲದು. ಕಾಡಿದ್ದಲ್ಲಿ ಅಕೇಶಿಯಾ ಬರುತ್ತದೆ, ಗದ್ದೆಯಿದ್ದಲ್ಲಿ ಅಡಿಕೆ ಏಳುತ್ತದೆ, ಕೊಟ್ಟಿಗೆ ಖಾಲಿಯಾಗುತ್ತದೆ. ಇವು ಬದಲಾದಂತೆ ಮಾದರಿಯನ್ನೂ ಹೊಸ ದಾಖಲೆಯ ಮೇಲೆ ಮತ್ತೆ ತಿದ್ದಬೇಕು. ಹಿಂದೆ ಮಂಗ ಸತ್ತ ಅಥವಾ ರೋಗಿ ಪತ್ತೆಯಾದ ಜಾಗದಿಂದ 5 ಕಿಲೋಮೀಟರ್ ವ್ಯಾಪ್ತಿಯ ಊರುಗಳಿಗೆ ಲಸಿಕೆ ಕೊಡುತ್ತಿದ್ದರು. ಸಾಕಷ್ಟು ರಕ್ಷಣೆ ನೀಡುತ್ತಿರದ ಆ ಲಸಿಕೆ 2022ರಲ್ಲಿ ನಿಂತ ಮೇಲೆ ಎಚ್ಚರಿಕೆಯ ಮಾಹಿತಿಯ ಬೆಲೆ ಇನ್ನಷ್ಟು ಏರಿದೆ.

ಈ ವ್ಯವಸ್ಥೆ ನಡೆಯುವುದು ಜನ ಕೊಡುವ ವಿವರದಿಂದ. ಸತ್ತ ಮಂಗ ಕಂಡರೆ ಮುಟ್ಟದೆ, ಅದೇ ದಿನ ತಿಳಿಸಬೇಕು. ಉಣುಗು ಕಚ್ಚಿ 3ರಿಂದ 8 ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುವುದರಿಂದ, ಆಸ್ಪತ್ರೆಗೆ ಹೋದವರು ಹಿಂದಿನ ವಾರ ಯಾವ ಬೆಟ್ಟಕ್ಕೆ, ಯಾವ ತೋಟಕ್ಕೆ ಹೋಗಿದ್ದರೆಂಬುದನ್ನೂ ಹೇಳಬೇಕು; ಚೀಟಿ ಬರೆಯುವವರು ಅದನ್ನು ಕೇಳಿ ಬರೆದುಕೊಳ್ಳಬೇಕು.