ಹಿಂಡು ಹೊರಟ ಮೇಲೆ ಕಾವಲು

ಚಳಿನಾಡುಗಳಲ್ಲಿ ಬೇಸಿಗೆಯ ಬಿಡಾರಗಳೆಂಬುವು ಉಂಟು. ಸರೋವರದ ದಡದಲ್ಲೋ ಕಾಡಿನ ಅಂಚಿನಲ್ಲೋ ಗಾಲಿಯ ಮೇಲಿನ ಮನೆಯನ್ನು ನಿಲ್ಲಿಸಿಕೊಂಡು ನಾಲ್ಕಾರು ತಿಂಗಳು ಕಳೆದು, ಹಿಮ ಬೀಳುವ ಮುನ್ನ ಅದನ್ನು ಮುಚ್ಚಿ ಊರಿಗೆ ಮರಳುತ್ತಾರೆ. ಕೊಳವೆಯ ನೀರನ್ನು ಹನಿಯೂ ಉಳಿಯದಂತೆ ಬಸಿಯುವುದು ಆಗಿನ ಮುಖ್ಯ ಕೆಲಸ. ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕೊಳವೆ ಒಡೆಯುತ್ತದೆ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆ ಅಂಥ ಚಳಿಯಿಲ್ಲ. ಆದರೂ ಋತು ತೀರಿದೊಡನೆ ಬಿಡಾರ ಎತ್ತಿ ನೆಲವನ್ನು ಮುಚ್ಚಿಡುವ ಪದ್ಧತಿ ನಮಗೂ ಹಳೆಯದು. ಅಮೃತಮಹಲ್ ಕಾವಲುಗಳ ಮಾತು ಹೇಳುತ್ತಿದ್ದೇನೆ.

17ನೆಯ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ಏರ್ಪಡಿಸಿದರು. ಟಿಪ್ಪು ಸುಲ್ತಾನನು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ಹೈದರ್ ಮತ್ತು ಟಿಪ್ಪುವಿನ ಫಿರಂಗಿಗಳನ್ನು ಎಳೆದ ಎತ್ತುಗಳು ಈ ತಳಿಯವೇ. ಈ ಹಿಂಡುಗಳಿಗೆ ಮೀಸಲಾದ ಹುಲ್ಲುಗಾವಲೇ ಕಾವಲು. ‘ಕಾ’ ಎಂಬ ಧಾತುವಿನಿಂದ ಬಂದ ಪದವಿದು. ಕಾಯುವ ಕೆಲಸಕ್ಕೂ ಕಾಯಲ್ಪಡುವ ನೆಲಕ್ಕೂ ಒಂದೇ ಹೆಸರು. ನಮ್ಮ ಹಿರಿಯರು ಸುಮ್ಮನೆ ಹಾಗೆ ಕರೆಯಲಿಲ್ಲವೆಂಬುದು ಮುಂದೆ ತಿಳಿಯುತ್ತದೆ.

ಕಾವಲುಗಳಲ್ಲಿ ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ಭೇದವಿತ್ತು. ಮೊದಲಿನವೆರಡರಲ್ಲಿ ಆಯಾ ಕಾಲಕ್ಕೆ ಹುಲ್ಲು ಹೇರಳ. ಬಿಸಿಲು ಏರುತ್ತಲೇ ಅವು ಒಣಗುತ್ತವೆ. ಬೇಸಿಗೆಯ ಕಾವಲು ಹೆಚ್ಚಾಗಿ ಕೆರೆಯ ಅಂಗಳ. ನೀರು ಹಿಂದೆ ಸರಿದಂತೆ ಅಲ್ಲಿ ಹಸಿರು ಮೂಡುತ್ತದೆ. ಇಲ್ಲವೆ ದೊಡ್ಡ ಮರಗಳ ನೆರಳಿದ್ದು, ಮಾರ್ಚಿ ಏಪ್ರಿಲಿನ ಮಳೆಗೇ ಚಿಗುರುವ ಜಾಗ. ಇಂಥವು ಕಡಿಮೆ, ಆದ್ದರಿಂದಲೇ ಬಹು ಜೋಪಾನದಿಂದ ಕಾಯುತ್ತಿದ್ದರು. ಬಾಬಾಬುಡನ್ ಗಿರಿಯ ಮಗ್ಗುಲಿನ ತರೀಕೆರೆ ಸೀಮೆಗೂ ಅದರ ಮಳೆನೆರಳಿನ ಕಡೂರಿನ ಬಯಲಿಗೂ ಎಷ್ಟು ಅಂತರವೆಂದು ನೀವು ಬಲ್ಲಿರಿ. ಒಂದೇ ಕಡೆ ಹಿಂಡನ್ನು ವರ್ಷವಿಡೀ ನಿಲ್ಲಿಸುವುದು ಇಲ್ಲಿ ಸಾಧ್ಯವಿಲ್ಲ.

ಹಿಂಡು ಹೊರಟ ಮೇಲೆ ನೆಲಕ್ಕೆ ಏಕೆ ಬಿಡುವು ಬೇಕು? ಹುಲ್ಲಿನ ಜೀವ ಮೇಲಿನ ಗರಿಯಲ್ಲಿಲ್ಲ, ಬುಡದಲ್ಲಿದೆ. ಬೀಜ ಉದುರಿ ಗರಿ ಒಣಗುವ ಹೊತ್ತಿಗೆ ಅದು ತನ್ನ ಆಹಾರವನ್ನು ಬುಡಕ್ಕೂ ಬೇರಿಗೂ ಇಳಿಸಿಕೊಂಡಿರುತ್ತದೆ. ಭರಣಿಯ ಮಳೆಗೆ ಕಾಣುವ ಮೊದಲ ಚಿಗುರು ಈ ಗಂಟಿನಿಂದ ಮಾಡಿದ ಖರ್ಚು. ಆ ಚಿಗುರನ್ನು ದನ ಒಮ್ಮೆ ಕಚ್ಚಿದರೆ ಬುಡ ಇನ್ನೊಮ್ಮೆ ಖರ್ಚು ಮಾಡುತ್ತದೆ; ನಾಲ್ಕು ಬಾರಿ ಕಚ್ಚಿದರೆ ಗಂಟು ಬರಿದು. ಬುಡ ಸಾಯುತ್ತದೆ, ದನ ಮೂಸಿಯೂ ನೋಡದ ತಂಗಡಿ ಆ ಜಾಗಕ್ಕೆ ಬರುತ್ತದೆ. ಬೇಸಿಗೆಯಲ್ಲಿ ನೆಲ ಸತ್ತಂತೆ ಕಾಣುವುದರಿಂದ ಅಲ್ಲಿ ಕಾಯುವುದಕ್ಕೆ ಏನಿದೆಯೆಂದು ಪಟ್ಟಣದವರು ಕೇಳುತ್ತಾರೆ. ಕಾಯಬೇಕಾದದ್ದು ಆಗಲೇ.

ಮುಚ್ಚಿದ ಕಾವಲಿಗೆ ದೊಡ್ಡ ಶತ್ರು ಬೆಂಕಿ. ಅಂಚಿನುದ್ದಕ್ಕೂ ಹುಲ್ಲನ್ನು ಕೆತ್ತಿ ಬೆಂಕಿರೇಖೆ ಬಿಡಬೇಕು. ಬೇಗ ಚಿಗುರಲೆಂದು ತಾವೇ ಕಿಚ್ಚಿಡುವವರೂ ಉಂಟು. ಹಸಿರು ಕಾಣುವುದು ನಿಜ, ಆದರೆ ಅದೂ ಅದೇ ಗಂಟಿನ ಖರ್ಚು, ಮೇಲೆ ಉದುರಿದ ಬೀಜವೂ ಸುಟ್ಟಿರುತ್ತದೆ. ಇನ್ನು ಕಟ್ಟೆಯ ಹೂಳು ತೆಗೆಯಲು ನೀರಿಲ್ಲದ ಈ ಕಾಲವೇ ತಕ್ಕದ್ದು.

ಒಮ್ಮೆ ಇಲಾಖೆಯನ್ನೇ ಮುಚ್ಚಿದ್ದೂ ಉಂಟು. 1860ರಲ್ಲಿ ಖರ್ಚು ಉಳಿಸಲೆಂದು ಇಂಗ್ಲಿಷರು ಹಿಂಡುಗಳನ್ನು ಮಾರಿಬಿಟ್ಟರು. ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂತು. ದನವನ್ನು ಮತ್ತೆ ಕೊಳ್ಳಬಹುದು, ನೆಲ ಹಾಗಲ್ಲ. ಹಿಂದೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲು ಸಾಗುವಳಿಗೆ, ನೆಡುತೋಪಿಗೆ, ಬೇರೆ ಬೇರೆ ಸಂಸ್ಥೆಗಳಿಗೆ ಹಂಚಿಹೋಗಿ ಇಂದು ಬಹು ಸ್ವಲ್ಪ ಉಳಿದಿದೆ. ನಷ್ಟ ಎಕರೆಯ ಲೆಕ್ಕವೊಂದರದೇ ಅಲ್ಲ. ಹೋಗಲು ಇನ್ನೊಂದು ಕಾವಲಿಲ್ಲದ ಹಿಂಡು ಇದ್ದಲ್ಲೇ ಮೇಯುತ್ತದೆ. ಆಗ ಯಾವ ಕಾವಲನ್ನೂ ಮುಚ್ಚಲಾಗದು.

ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿದ್ದಾರೆ. ಅಲ್ಲಿ ಕೃಷ್ಣಮೃಗಗಳನ್ನು ಕಾಣಬಹುದು. ಬೇಸಿಗೆಯಲ್ಲಿ ಬೀರೂರಿನಿಂದ ರೈಲಿನಲ್ಲಿ ಹೋಗುವಾಗ ಕಿಟಕಿಯಾಚೆ ಕಂದು ಬಯಲು ಕಂಡರೆ ಪಾಳುಭೂಮಿಯೆಂದು ತೀರ್ಮಾನಿಸಬೇಡಿ. ಬೀಡಿಯ ತುಣುಕನ್ನಂತೂ ಎಸೆಯಲೇಬೇಡಿ.

ತೆರೆಯುವುದಕ್ಕೂ ಕ್ರಮವುಂಟು. ಮೊದಲ ಮಳೆ ಬಿದ್ದ ಮಾತ್ರಕ್ಕೆ ಹಿಂಡನ್ನು ಬಿಡಬಾರದು. ಹಸಿಯಾದ ನೆಲದ ಮೇಲೆ ಗೊರಸು ಊರಿ ಬುಡ ಕೀಳುತ್ತದೆ. ಮಳೆ ಕುದುರಿ, ಹೊಸ ಗರಿ ಬಲಿತು, ಕೈಯಿಂದ ಎಳೆದರೆ ಬೇರು ಸಮೇತ ಬಾರದೆ ಗರಿ ಮಾತ್ರ ಹರಿದು ಬಂದಾಗ ದನ ಬರಬಹುದು.